ಒಂದು ಸಾವಿನ ನಷ್ಟಕ್ಕೆ ಹತ್ತು ಕಿಲೋಮೀಟರ್ ರಸ್ತೆ

2022ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ 39,762 ಅಪಘಾತಗಳಾದವು. ಸತ್ತವರು 11,702 ಮಂದಿ. ದಿನಕ್ಕೆ 32 ಜೀವ. ಅದೇ ವರ್ಷ ಇಡೀ ದೇಶದಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ 41,012 ಜನ ಸತ್ತಿದ್ದು ರಾಜ್ಯ ಹೆದ್ದಾರಿಗಳ ಮೇಲೆ. ರಾಜ್ಯ ಹೆದ್ದಾರಿಗಳಲ್ಲಿ ಆದ ಅಪಘಾತಗಳ ಸಂಖ್ಯೆ 1,06,682. ಅಂದರೆ ಪ್ರತಿ 100 ಅಪಘಾತಕ್ಕೆ 38 ಸಾವು. ರಾಜ್ಯ ಹೆದ್ದಾರಿ ಎಂಬ ದೊಡ್ಡ ಹೆಸರಿದ್ದರೂ ಅವುಗಳಲ್ಲಿ ಬಹುಪಾಲು ನಮ್ಮ ಊರ ಮುಂದೆ ಹಾದುಹೋಗುವ ಎರಡು ಲೇನಿನ ರಸ್ತೆಗಳೇ: 7 ಮೀಟರ್ ಡಾಂಬರು, ನಡುವೆ ವಿಭಜಕವಿಲ್ಲ, ದೀಪವಿಲ್ಲ, ಎರಡೂ ಬದಿ ಹೊಲ.

ಈ ಸಾವುಗಳಿಗೆ ಸರ್ಕಾರವೇ ಬೆಲೆ ಕಟ್ಟಿಸಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮಾಡಿಸಿದ ಅಧ್ಯಯನದ ಪ್ರಕಾರ 2018ರ ಲೆಕ್ಕದಲ್ಲಿ ರಸ್ತೆಯ ಮೇಲಿನ ಒಂದು ಸಾವಿನಿಂದ ದೇಶಕ್ಕಾಗುವ ಸಾಮಾಜಿಕ, ಆರ್ಥಿಕ ನಷ್ಟ 91.16 ಲಕ್ಷ ರೂಪಾಯಿ. ಒಂದು ಗಂಭೀರ ಗಾಯಕ್ಕೆ 3.64 ಲಕ್ಷ. ಆ ಒಂದು ವರ್ಷದ ಒಟ್ಟು ನಷ್ಟ 1,47,114 ಕೋಟಿ, ದೇಶದ ಒಟ್ಟು ಉತ್ಪನ್ನದ ಶೇ. 0.77. ಮನೆಯ ಯಜಮಾನನನ್ನೋ ಮಗಳನ್ನೋ ಕಳೆದುಕೊಂಡವರಿಗೆ ಈ ಅಂಕಿಯಿಂದ ಏನೂ ಆಗಬೇಕಿಲ್ಲ. ಆದರೆ ರಸ್ತೆ ಸರಿಪಡಿಸಿ ಎಂದು ಕೇಳಿದಾಗಲೆಲ್ಲ ಬರುವ ಉತ್ತರ ‘ಅನುದಾನ ಇಲ್ಲ’ ಎಂಬುದು. ಆ ಉತ್ತರಕ್ಕೆ ಎದುರಾಗಿ ಇಡಲು ಈ 91.16 ಲಕ್ಷ ಬೇಕು.

ಹಾಗಾದರೆ ಎರಡು ಲೇನಿನ ಹಳ್ಳಿ ರಸ್ತೆಯೊಂದನ್ನು ಅಗಲ ಮಾಡದೆ, ಭೂಸ್ವಾಧೀನವಿಲ್ಲದೆ, ಇರುವ ಜಾಗದಲ್ಲೇ ಸುರಕ್ಷಿತ ಮಾಡಲು ಎಷ್ಟು ಸಾಮಾನು ಬೇಕು, ಎಷ್ಟು ದುಡ್ಡು ಬೇಕು? ಬೆಳಗಾವಿ–ಬಾಗಲಕೋಟೆ ಸೀಮೆಯ ಎರೆಭೂಮಿಯಲ್ಲಿ ಹಾದುಹೋಗುವ 10 ಕಿಲೋಮೀಟರಿನ ಮಾದರಿ ರಸ್ತೆಯೊಂದನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಅದರಲ್ಲಿ 12 ತಿರುವು, ಬದಿಯಿಂದ ಬಂದು ಕೂಡುವ 15 ಹಳ್ಳಿ ರಸ್ತೆ, 20 ಮೋರಿ, 300 ಮೀಟರ್ ಉದ್ದದ ಒಂದು ಕೆರೆ ಏರಿ ಇವೆ ಎಂದುಕೊಳ್ಳಿ. ಇಲ್ಲಿ ಬಳಸಿರುವ ದರಗಳು ಅಂದಾಜಿನವು. ಜಿಲ್ಲೆಯಿಂದ ಜಿಲ್ಲೆಗೆ, ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಆಗುತ್ತವೆ. ಪ್ರಮಾಣಗಳು ಅಳತೆಯಿಂದ ಬಂದವು. ಟೇಪು ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು.

ಅಂಚಿನ ಹತ್ತು ಸೆಂಟಿಮೀಟರ್

ಮೊದಲ ಮಾತು ರಸ್ತೆಯ ಅಂಚಿನದು, ಯಾಕೆಂದರೆ ಎಲ್ಲರ ಕಣ್ಣೆದುರೇ ಇದ್ದರೂ ಯಾರ ಲೆಕ್ಕಕ್ಕೂ ಬಾರದ್ದು ಅದೇ. ಡಾಂಬರು ಹಾಕಿದಾಗಲೆಲ್ಲ ರಸ್ತೆ 3ರಿಂದ 5 ಸೆಂ.ಮೀ. ಏರುತ್ತದೆ. ಬದಿಯ ಮಣ್ಣು ಏರುವುದಿಲ್ಲ. ಎರೆಮಣ್ಣಾದರೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಇನ್ನಷ್ಟು ಕುಸಿಯುತ್ತದೆ. ಎರಡು ಸಲ ಡಾಂಬರು ಕಂಡ ರಸ್ತೆಯಲ್ಲಿ ಅಂಚು 8–10 ಸೆಂ.ಮೀ. ಮೆಟ್ಟಿಲಾಗಿ ನಿಂತಿರುತ್ತದೆ. ಎದುರು ಬಸ್ಸು ಬಂತೆಂದು ಬೈಕಿನವರು ಕೆಳಗಿಳಿಯುತ್ತಾರೆ. ಮತ್ತೆ ಮೇಲೆ ಹತ್ತುವಾಗ ಮುಂದಿನ ಗಾಲಿ ಆ ಮೆಟ್ಟಿಲಿಗೆ ಉಜ್ಜಿಕೊಂಡೇ ಸಾಗುತ್ತದೆ, ಹತ್ತುವುದಿಲ್ಲ. ಹ್ಯಾಂಡಲ್ ಇನ್ನಷ್ಟು ತಿರುಗಿಸುತ್ತಾರೆ. ಗಾಲಿ ಥಟ್ಟನೆ ಹತ್ತಿದ ಕ್ಷಣ ಗಾಡಿ ಅಡ್ಡಲಾಗಿ ಎದುರು ಲೇನಿಗೆ ನುಗ್ಗುತ್ತದೆ. ಕಾರಿಗೂ ಆಗುವುದು ಇದೇ. ಪೊಲೀಸ್ ದಾಖಲೆಯಲ್ಲಿ ಅದು ‘ಅತಿವೇಗ, ಅಜಾಗರೂಕ ಚಾಲನೆ’ ಎಂದು ದಾಖಲಾಗಿಬಿಡುತ್ತದೆ. ದೇಶದಲ್ಲಿ 2022ರಲ್ಲಿ ಸತ್ತವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, ಶೇ. 44.5. ಅಂಚಿನ ಮೆಟ್ಟಿಲು ಎಲ್ಲರಿಗಿಂತ ಹೆಚ್ಚು ಕಾಡುವುದು ಇವರನ್ನೇ.

ಎರಡೂ ಬದಿ 1.5 ಮೀಟರ್ ಅಗಲಕ್ಕೆ, ಸರಾಸರಿ 10 ಸೆಂ.ಮೀ. ದಪ್ಪಕ್ಕೆ ಗರಸು ತುಂಬಿ ರೋಲರ್ ಓಡಿಸಬೇಕು. 10 ಕಿ.ಮೀ.ಗೆ ಅದು 3,000 ಘನ ಮೀಟರ್. ರೋಲರ್ ಕೆಳಗೆ ಕುಗ್ಗುವುದಕ್ಕೆ ಕಾಲು ಪಾಲು ಸೇರಿಸಿದರೆ 3,750 ಘನ ಮೀಟರ್ ಸಡಿಲ ಗರಸು. 10 ಘನ ಮೀಟರಿನ ಟಿಪ್ಪರಿನಲ್ಲಿ 375 ಲೋಡು. ಹಾಕಿ ಹದ ಮಾಡಿದ ಘನ ಮೀಟರಿಗೆ 500 ರೂಪಾಯಿ ಹಿಡಿದರೆ 15 ಲಕ್ಷ. ಒಮ್ಮೆ ಮಾಡಿದರೆ ಮುಗಿಯುವ ಕೆಲಸವೂ ಇದಲ್ಲ. ಪ್ರತಿ ಮಳೆಗಾಲದ ನಂತರ ಅಷ್ಟಿಷ್ಟು ತುಂಬಲೇಬೇಕು.

ಇದಕ್ಕಿಂತ ಅಗ್ಗದ ದಾರಿಯೊಂದಿದೆ. ಹೊಸ ಡಾಂಬರು ಹಾಕುವಾಗಲೇ ಅಂಚನ್ನು ನೆಟ್ಟಗೆ ಕತ್ತರಿಸದೆ 30 ಡಿಗ್ರಿ ಇಳಿಜಾರು ಮಾಡಿಬಿಡುವುದು. ಡಾಂಬರು ಹಾಸುವ ಯಂತ್ರದ ತುದಿಗೆ ಕಬ್ಬಿಣದ ಒಂದು ಅಚ್ಚು ಸಿಕ್ಕಿಸಿದರೆ ಸಾಕು. ಬದಿಯ ಮಣ್ಣು ಕೊಚ್ಚಿಹೋದರೂ ಗಾಲಿ ಆ ಇಳಿಜಾರಿನ ಮೇಲೆ ಸಲೀಸಾಗಿ ಹತ್ತುತ್ತದೆ. 5 ಸೆಂ.ಮೀ. ಪದರಕ್ಕೆ ಎರಡೂ ಅಂಚು ಸೇರಿ ಕಿ.ಮೀ.ಗೆ 4.33 ಘನ ಮೀಟರ್, ಅಂದರೆ ಸುಮಾರು 10.4 ಟನ್ ಹೆಚ್ಚುವರಿ ಡಾಂಬರು ಬೇಕು. ರಸ್ತೆಯ ಮೇಲೆ ಹೇಗೂ ಬೀಳುವುದು ಕಿ.ಮೀ.ಗೆ 840 ಟನ್. ಹೆಚ್ಚಳ ಶೇ. 1.2 ಮಾತ್ರ. ಘನ ಮೀಟರಿಗೆ 10,000 ರೂಪಾಯಿ ಹಿಡಿದರೆ ಕಿ.ಮೀ.ಗೆ 43,000 ರೂ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತದ ಪ್ರಕಾರ ಇದೊಂದರಿಂದಲೇ ಸಾವು–ನೋವಿನ ಅಪಘಾತಗಳು ಶೇ. 11ರಷ್ಟು ಇಳಿಯುತ್ತವೆ. ಮರುಡಾಂಬರಿನ ಪ್ರತಿ ಟೆಂಡರಿನಲ್ಲೂ ಇದು ಕಡ್ಡಾಯ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಳಿ ಗೆರೆಯ ತೂಕ

ಕತ್ತಲಲ್ಲಿ, ಎದುರು ಲಾರಿಯ ಬೆಳಕು ಕಣ್ಣಿಗೆ ರಾಚುವಾಗ ಚಾಲಕನಿಗೆ ರಸ್ತೆ ಎಲ್ಲಿ ಮುಗಿಯುತ್ತದೆಂದು ಹೇಳುವುದು ಅಂಚಿನ ಗೆರೆ ಮಾತ್ರ. 15 ಸೆಂ.ಮೀ. ಅಗಲದ ಗೆರೆ ಎರಡೂ ಬದಿ ಎಳೆದರೆ 10 ಕಿ.ಮೀ.ಗೆ 3,000 ಚದರ ಮೀಟರ್. ನಡುಗೆರೆಯಲ್ಲಿ 7 ಕಿ.ಮೀ. ತುಂಡು ಗೆರೆ, 3 ಮೀಟರ್ ಗೆರೆ 6 ಮೀಟರ್ ಖಾಲಿ, ಎಂದರೆ 350 ಚ.ಮೀ. ತಿರುವು, ದಿಬ್ಬ, ಊರ ಮುಂದೆ ಓವರ್‌ಟೇಕ್ ಕೂಡದ 3 ಕಿ.ಮೀ.ಗೆ ಜೋಡಿ ಅಖಂಡ ಗೆರೆ, 900 ಚ.ಮೀ. ಒಟ್ಟು 4,250 ಚ.ಮೀ. ಕಾಯಿಸಿ ಸುರಿಯುವ ಥರ್ಮೋಪ್ಲಾಸ್ಟಿಕ್ ಬಣ್ಣ 2.5 ಮಿ.ಮೀ. ದಪ್ಪಕ್ಕೆ ಚ.ಮೀ.ಗೆ 5 ಕಿಲೋ ಬೀಳುತ್ತದೆ. ಒಟ್ಟು 21 ಟನ್ ಮೇಲೆ. ಬಿಸಿಯಿರುವಾಗಲೇ ಚ.ಮೀ.ಗೆ 250 ಗ್ರಾಂ ಗಾಜಿನ ಮಣಿ ಉದುರಿಸಬೇಕು, 1,060 ಕಿಲೋ. ರಾತ್ರಿ ಗೆರೆ ಹೊಳೆಯುವುದು ಈ ಮಣಿಯಿಂದಲೇ. ಮಣಿ ಕಡಿಮೆಯಾದ ಗೆರೆ ಹಗಲಿನ ತಪಾಸಣೆಯಲ್ಲಿ ಪಾಸಾಗುತ್ತದೆ, ರಾತ್ರಿ ಕಾಣುವುದಿಲ್ಲ. ಹಾಗಾಗಿ ಬಿಲ್ ಪಾಸು ಮಾಡುವ ಮೊದಲು ಎಂಜಿನಿಯರು ಒಂದು ರಾತ್ರಿ ಆ ರಸ್ತೆಯಲ್ಲಿ ಗಾಡಿ ಓಡಿಸಿ ನೋಡಬೇಕು.

ಚ.ಮೀ.ಗೆ 700 ರೂಪಾಯಿಯಂತೆ ಬಣ್ಣದ ಖರ್ಚು 29.75 ಲಕ್ಷ. ಅಂಚಿನ ಗೆರೆಯನ್ನು 15ರ ಬದಲು 10 ಸೆಂ.ಮೀ. ಮಾಡಿ 7 ಲಕ್ಷ ಉಳಿಸುವ ಆಸೆ ಯಾವ ಕಚೇರಿಗಾದರೂ ಬಂದೀತು. ಅದೇ ಅಮೆರಿಕದ ಆಡಳಿತದ ಅಂಕಿ ನೋಡಿ: ಗ್ರಾಮೀಣ ಎರಡು ಲೇನಿನ ರಸ್ತೆಯಲ್ಲಿ ಅಂಚಿನ ಗೆರೆಯನ್ನು 4 ಅಂಗುಲದಿಂದ 6 ಅಂಗುಲಕ್ಕೆ, ಅಂದರೆ 10ರಿಂದ 15 ಸೆಂ.ಮೀ.ಗೆ, ಅಗಲ ಮಾಡಿದಾಗ ಕೂಡುರಸ್ತೆಗಳ ಹೊರಗಿನ ಸಾವು–ನೋವಿನ ಅಪಘಾತಗಳು ಶೇ. 37ರವರೆಗೆ ಇಳಿದಿವೆ. ನಮ್ಮ ರಸ್ತೆಗಳ ಮೇಲೆ ಎತ್ತು, ಎಮ್ಮೆ, ಬೈಕು, ಟ್ರ್ಯಾಕ್ಟರು ಎಲ್ಲ ಇರುವುದರಿಂದ ಅಷ್ಟೇ ಇಳಿಯುತ್ತದೆಂದು ಹೇಳಲಾಗದು. ಅರ್ಧ ಇಳಿದರೂ 7 ಲಕ್ಷ ಹೆಚ್ಚಲ್ಲ.

ಬಣ್ಣದ ಆಯುಸ್ಸು ಎರಡು–ಮೂರು ವರ್ಷ. ಮೂರು ವರ್ಷಕ್ಕೊಮ್ಮೆ ಮತ್ತೆ ಎಳೆಯುವುದಾದರೆ ಕಿ.ಮೀ.ಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಎತ್ತಿಡಬೇಕು. ನಡುಗೆರೆಗೆ 9 ಮೀಟರಿಗೊಂದು ಕ್ಯಾಟ್ ಐ (ಗಾಡಿಯ ಬೆಳಕಿಗೆ ಹೊಳೆಯುವ ಗುಬಟು), ತಿರುವಿನಲ್ಲಿ ಅಂಚಿಗೂ ಕೂಡಿಸಿದರೆ ಸುಮಾರು 1,500. ತಲಾ 350ರಂತೆ 5.25 ಲಕ್ಷ.

ತಿರುವು, ಜಾಲಿ, ಅಡ್ಡರಸ್ತೆ

ಅಪಘಾತ ಎಂದೊಡನೆ ತಿರುವು ನೆನಪಾಗುತ್ತದೆ. ಆದರೆ ದೇಶದ ಅಪಘಾತಗಳಲ್ಲಿ ಮೂರನೇ ಎರಡು ಪಾಲು ಆಗುವುದು ನೇರ ರಸ್ತೆಯ ಮೇಲೆ. ಹಾಗೆಂದು ತಿರುವನ್ನು ಬಿಡುವಂತಿಲ್ಲ. ಅಲ್ಲಿ ಕೆಲಸ ಕಡಿಮೆ, ಫಲ ಬೇಗ. 12 ತಿರುವಿಗೆ ತಲಾ 10 ಬಾಣದ ಫಲಕ, 120 ಫಲಕಕ್ಕೆ 5.4 ಲಕ್ಷ. ತಿರುವು ಹಾಗೂ ಕೂಡುರಸ್ತೆಯ ಎಚ್ಚರಿಕೆಗೆ 54 ಫಲಕ, 2.7 ಲಕ್ಷ. ಮೋರಿಗಳ ಬದಿ ಕಪ್ಪು–ಹಳದಿ ಗುರುತಿನ 80 ಫಲಕ, 2 ಲಕ್ಷ.

ಎಲ್ಲಕ್ಕಿಂತ ಅಗ್ಗದ್ದು ಬಳ್ಳಾರಿ ಜಾಲಿ ಕಡಿಯುವುದು. 230 ಮೀಟರ್ ತ್ರಿಜ್ಯದ ತಿರುವಿನಲ್ಲಿ 100 ಮೀಟರ್ ಮುಂದೆ ಕಾಣಬೇಕಾದರೆ ಒಳಲೇನಿನ ನಡುವಿನಿಂದ 5.4 ಮೀಟರ್ ಒಳಗಿನವರೆಗೆ ಅಡ್ಡಿ ಇರಬಾರದು. ಅಂದರೆ ಡಾಂಬರಿನ ಅಂಚಿನಿಂದ 3.7 ಮೀಟರ್ ತೆರವಾಗಬೇಕು. ಜಾಲಿ ಅಂಚಿಗೇ ಬಂದು ಬಾಗಿರುವ ತಿರುವುಗಳು ನಮ್ಮಲ್ಲಿ ಎಷ್ಟಿಲ್ಲ! 12 ತಿರುವಿಗೆ ಜೆಸಿಬಿ ಮೂರು ದಿನ ಓಡಿದರೆ ಸಾಕು; ಸುಮಾರು 30,000 ರೂಪಾಯಿ.

ಅಡ್ಡರಸ್ತೆಯಿಂದ ಬೈಕುಗಳು ನೇರ ನುಗ್ಗುವುದನ್ನು ತಡೆಯಲು ಉಬ್ಬು ಬೇಕಾದದ್ದು ಅಡ್ಡರಸ್ತೆಯ ಬಾಯಲ್ಲಿ, ಹೆದ್ದಾರಿಯ ಮೇಲಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 5.5 ಮೀಟರಿನ ರಸ್ತೆಗೆ ಹಿಡಿಯುವುದು 1.36 ಘನ ಮೀಟರ್ ಡಾಂಬರು. ಬಣ್ಣ, ನಿಲುಗಡೆ ಗೆರೆ ಸೇರಿ ತಲಾ 20,000. 15ಕ್ಕೆ 3 ಲಕ್ಷ. ಊರವರು ರಾತ್ರೋರಾತ್ರಿ ಸಿಮೆಂಟಿನಲ್ಲಿ ಕಟ್ಟುವ, ಬಣ್ಣವಿಲ್ಲದ ಚೂಪು ದಿಬ್ಬ ಇದಲ್ಲ. ಅದರ ಮೇಲೆ ಬಿದ್ದು ಸಾಯುವವರೂ ನಮ್ಮವರೇ.

ಕೆರೆ ಏರಿ, ನಾಲೆ ದಂಡೆಗೆ ಕಬ್ಬಿಣದ ತಡೆಬೇಲಿ ಬೇಕೇ ಬೇಕು. ಮೀಟರಿಗೆ 4,000ದಂತೆ 300 ಮೀಟರಿಗೆ 12 ಲಕ್ಷ. ದುಬಾರಿ ಎನ್ನಿಸಿದರೆ 2018ರ ನವೆಂಬರ್ 24 ನೆನಪಿರಲಿ. ಅಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಸಚಿವಾಲಯದ ಲೆಕ್ಕದಲ್ಲೇ ಆ ಒಂದು ಮಧ್ಯಾಹ್ನದ ನಷ್ಟ 27.35 ಕೋಟಿ. ಅಷ್ಟು ಹಣಕ್ಕೆ 68 ಕಿ.ಮೀ. ನಾಲೆ ದಂಡೆಗೆ ಬೇಲಿ ಹಾಕಬಹುದಿತ್ತು.

ಕಬ್ಬಿನ ಹಂಗಾಮು

ಈ ಸೀಮೆಯಲ್ಲಿ ರಸ್ತೆಯನ್ನಷ್ಟೇ ಸರಿಪಡಿಸಿ ಕೈತೊಳೆದುಕೊಳ್ಳಲಾಗದು. ಕಬ್ಬು ನುರಿಸುವ ಹಂಗಾಮು ಶುರುವಾದರೆ ರಸ್ತೆಯ ಲೆಕ್ಕವೇ ಬೇರೆ. ದಿನಕ್ಕೆ 5,000 ಟನ್ ನುರಿಸುವ ಒಂದು ಕಾರ್ಖಾನೆಗೆ, ಜೋಡಿ ಟ್ರ್ಯಾಲಿಯ ಟ್ರ್ಯಾಕ್ಟರು 20 ಟನ್ ತರುತ್ತದೆಂದರೆ, ದಿನಕ್ಕೆ 250 ಲೋಡು ಬೇಕು. ಖಾಲಿ ವಾಪಸಾಗುವುದೂ ಸೇರಿ 500 ಓಡಾಟ. ಅದರಲ್ಲಿ ಎಷ್ಟೋ ಕತ್ತಲಲ್ಲಿ.

ಹಿಂದಿನಿಂದ ಆ ಟ್ರ್ಯಾಲಿಯನ್ನೊಮ್ಮೆ ನೋಡಿ. ಕಬ್ಬು ಹಿಂಬದಿಯ ಹಲಗೆ ದಾಟಿ ಜೋತುಬಿದ್ದಿರುತ್ತದೆ. ಕೆಂಪು ದೀಪ ಇದ್ದರೂ ಅದರ ಹಿಂದೆ ಅಡಗಿರುತ್ತದೆ. ಒಣಗಿದ ಕಬ್ಬಿನ ಬಣ್ಣಕ್ಕೂ ಧೂಳು ಹಿಡಿದ ರಸ್ತೆಯ ಬಣ್ಣಕ್ಕೂ ರಾತ್ರಿ ವ್ಯತ್ಯಾಸವೇ ಕಾಣದು. ಪಂಕ್ಚರ್ ಆದರೆ ಟ್ರ್ಯಾಲಿ ಅಲ್ಲೇ ಲೇನಿನಲ್ಲಿ ನಿಲ್ಲುತ್ತದೆ, ಗಾಲಿಗೆ ಕಲ್ಲು ಕೊಡುತ್ತಾರೆ. ರಿಪೇರಿ ಮುಗಿದು ಟ್ರ್ಯಾಕ್ಟರು ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ.

ಎರಡು ಲೇನಿನ ರಸ್ತೆಯಲ್ಲಿ ಕಾರಿಗೆ ಕೇಂದ್ರ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 70 ಕಿ.ಮೀ. ಅಂದರೆ ಸೆಕೆಂಡಿಗೆ 19.4 ಮೀಟರ್. ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕಿಗೆ ಹೋಗಲು ರಸ್ತೆ ವಿನ್ಯಾಸದ ಲೆಕ್ಕದಲ್ಲಿ ಎರಡೂವರೆ ಸೆಕೆಂಡ್. ಅಷ್ಟರಲ್ಲಿ ಕಾರು 48 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದು ನಿಲ್ಲಲು ಇನ್ನೂ 54 ಮೀಟರ್. ಒಟ್ಟು 102. ಡಿಮ್ ಲೈಟಿನಲ್ಲಿ ದೀಪವಿಲ್ಲದ ಟ್ರ್ಯಾಲಿ ಕಾಣುವುದು ಹೆಚ್ಚೆಂದರೆ 50 ಮೀಟರಿನಿಂದ. ಕಾನೂನಿನ ವೇಗ ಮೀರದ ಚಾಲಕನಿಗೂ ಬ್ರೇಕು ಒತ್ತುವಷ್ಟರಲ್ಲಿ ರಸ್ತೆ ಮುಗಿದುಹೋಗಿರುತ್ತದೆ.

ಪರಿಹಾರ ರೇಡಿಯಂ ಪಟ್ಟಿ. ಹಿಂದೆ ಕೆಂಪು, ಬದಿಗೆ ಹಳದಿ. ಒಂದು ಟ್ರ್ಯಾಲಿಗೆ 12 ಮೀಟರ್, ಜೋಡಿಗೆ 24. ಮೀಟರಿಗೆ 80 ರೂಪಾಯಿಯಂತೆ 1,920. ಒಳ್ಳೆಯ ಪಟ್ಟಿಯಾದರೆ 150 ಮೀಟರಿನಾಚೆಯಿಂದಲೇ ಬೆಳಗುತ್ತದೆ. ಕಬ್ಬು ಹಲಗೆಯನ್ನು ಮುಚ್ಚುವುದರಿಂದ ಜೋತ ಕಬ್ಬಿನ ತುದಿಗೇ ಕಟ್ಟಲು ಪಟ್ಟಿ ಅಂಟಿಸಿದ ತಗಡೊಂದು ಬೇಕು. 2024–25ರಲ್ಲಿ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಯುತ ಬೆಲೆ ಟನ್ನಿಗೆ 3,400 ರೂ. 20 ಟನ್ ಲೋಡಿಗೆ 68,000. ಪಟ್ಟಿಯ ಖರ್ಚು ಒಂದೇ ಒಂದು ಲೋಡಿನ ಬೆಲೆಯಲ್ಲಿ ಶೇ. 2.8. ಕಾರ್ಖಾನೆಯೊಂದು ತನ್ನ 500 ಟ್ರ್ಯಾಕ್ಟರುಗಳಿಗೂ ತಾನೇ ಹಚ್ಚಿಸಿದರೆ 9.6 ಲಕ್ಷ. ತೂಕದ ಕಟ್ಟೆಯ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಿ, ಪಟ್ಟಿ ಇಲ್ಲದ ಟ್ರ್ಯಾಲಿಗೆ ಪಟ್ಟಿ ಹಚ್ಚಿಯೇ ಒಳಗೆ ಬಿಡುವ ನಿಯಮ ಮಾಡಿದರೆ ಒಂದು ವಾರದಲ್ಲಿ ಕೆಲಸ ಮುಗಿಯುತ್ತದೆ.

ಓವರ್‌ಟೇಕಿನದೂ ಇದೇ ಲೆಕ್ಕ. 20 ಕಿ.ಮೀ. ವೇಗದ ಜೋಡಿ ಟ್ರ್ಯಾಲಿಯನ್ನು 60ರ ವೇಗದ ಕಾರು ದಾಟಲು ಐದೂವರೆ ಸೆಕೆಂಡ್ ಬೇಕು. ಎದುರಿನ ಗಾಡಿ 70ರಲ್ಲಿದ್ದರೆ 200 ಮೀಟರ್ ಖಾಲಿ ರಸ್ತೆ ಬೇಕು. ಮುಂದಿನ ಗಾಡಿ ವೇಗವಾಗಿದ್ದಷ್ಟೂ ಈ ದೂರ ಬೆಳೆಯುತ್ತದೆ: 80 ಕಿ.ಮೀ. ವಿನ್ಯಾಸ ವೇಗದ ರಸ್ತೆಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಓವರ್‌ಟೇಕ್ ದೃಷ್ಟಿದೂರ 470 ಮೀಟರ್. ಅರ್ಧ ಕಿಲೋಮೀಟರ್ ಮುಂದೆ ಕಾಣದ ಕಡೆ ಅಖಂಡ ಗೆರೆ ಇರಬೇಕಾದದ್ದು ಇದಕ್ಕೇ. ಸ್ವೀಡನ್ನಿನವರು 1998ರಲ್ಲಿ ಯಾವ್ಲೆ ಪಟ್ಟಣದ ಬಳಿ ಇ4 ಹೆದ್ದಾರಿಯಲ್ಲಿ ಮೂರು ಲೇನು ಮಾಡಿ, ನಡುವೆ ತಂತಿಬೇಲಿ ಎಳೆದು, ಓವರ್‌ಟೇಕಿನ ಲೇನನ್ನು ಒಮ್ಮೆ ಈ ಕಡೆಗೆ ಒಮ್ಮೆ ಆ ಕಡೆಗೆ ಕೊಟ್ಟರು. ಇಂಥ ರಸ್ತೆಗಳಲ್ಲಿ ಸಾವು ಸುಮಾರು ಮುಕ್ಕಾಲು ಪಾಲು ಇಳಿಯಿತು. ಅದಕ್ಕೆ 13 ಮೀಟರ್ ಅಗಲ ಬೇಕು. ನಮ್ಮ 7 ಮೀಟರಿಗೆ ಸದ್ಯ ಗೆರೆಯೇ ಗತಿ.

ವೇಗದ ಬಗ್ಗೆ ಒಂದೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಾಸರಿ ವೇಗ ಶೇ. 1 ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇ. 4 ಏರುತ್ತದೆ. ಆ ಸೂತ್ರದಲ್ಲಿ 80ರಲ್ಲಿ ಓಡುವ ರಸ್ತೆಯನ್ನು 70ಕ್ಕೆ ಇಳಿಸಿದರೆ ಸಾವು ಸುಮಾರು ಶೇ. 40 ತಗ್ಗಬೇಕು. 10 ಕಿ.ಮೀ. ದಾರಿಯಲ್ಲಿ ಇದರಿಂದ ಕಳೆದುಕೊಳ್ಳುವ ಸಮಯ ಒಂದು ನಿಮಿಷ ನಾಲ್ಕು ಸೆಕೆಂಡ್.

ಒಟ್ಟು ಬಿಲ್

ಬಣ್ಣ 29.75, ಕ್ಯಾಟ್ ಐ 5.25, ಎಲ್ಲ ಫಲಕ 10.1, ಗರಸು 15, ಅಡ್ಡರಸ್ತೆಯ ಉಬ್ಬು 3, ತಡೆಬೇಲಿ 12, ಜಾಲಿ 0.3. ಕೂಡಿದರೆ 75.4 ಲಕ್ಷ. ಶೇ. 18 ಜಿಎಸ್‌ಟಿ ಸೇರಿ ಸುಮಾರು 89 ಲಕ್ಷ. ಇಳಿಜಾರು ಅಂಚು ಮರುಡಾಂಬರಿನ ಲೆಕ್ಕಕ್ಕೆ ಹೋಗುತ್ತದೆ, ಪಟ್ಟಿ ಕಾರ್ಖಾನೆಯ ಲೆಕ್ಕಕ್ಕೆ. ಒಂದು ಸಾವಿನ ನಷ್ಟ 91.16 ಲಕ್ಷ. ಈ 10 ಕಿಲೋಮೀಟರಿನಲ್ಲಿ ಒಂದೇ ಒಂದು ಜೀವ ಉಳಿದರೂ ಹಾಕಿದ ದುಡ್ಡು ಬಂದಂತೆ. ಚತುಷ್ಪಥ ಮಾಡುತ್ತೇವೆ, ಅಲ್ಲಿಯವರೆಗೆ ಕಾಯಿರಿ ಎನ್ನುವವರಿಗೆ ಇದೇ ಉತ್ತರ: ಅದಕ್ಕೆ ಕಿಲೋಮೀಟರಿಗೆ ಕೋಟಿಗಟ್ಟಲೆ ಬೇಕು, ಭೂಮಿ ಬೇಕು, ವರ್ಷಗಳು ಬೇಕು. ಇದಕ್ಕೆ ಕಿ.ಮೀ.ಗೆ 9 ಲಕ್ಷ, ಒಂದು ಬೇಸಿಗೆ ಸಾಕು.

ಇದು ಕಾಗದದ ಮೇಲಿನ ಆಸೆಯೂ ಅಲ್ಲ. ಇದೇ ಸೀಮೆಯಲ್ಲಿ, ರಾಜ್ಯ ಹೆದ್ದಾರಿ 20ರ ಬೆಳಗಾವಿ–ಯರಗಟ್ಟಿ ನಡುವಿನ 62 ಕಿ.ಮೀ.ಯನ್ನು ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯ (ಕೆಶಿಪ್) ಎರಡನೇ ಹಂತದಲ್ಲಿ ಸುರಕ್ಷಿತ ಮಾದರಿ ದಾರಿಯಾಗಿ ಆರಿಸಿಕೊಂಡರು. ಎಂಜಿನಿಯರು, ಪೊಲೀಸ್, ಆಂಬುಲೆನ್ಸ್ ಮೂವರನ್ನೂ ಒಂದೇ ಯೋಜನೆಗೆ ಕಟ್ಟಿದರು. 2015ರಿಂದ 2018ರ ನಡುವೆ ಅಲ್ಲಿ ಸಾವು ಅರ್ಧಕ್ಕೂ ಹೆಚ್ಚು ಇಳಿಯಿತು. ಇಲ್ಲಿ ಆದದ್ದು ಉಳಿದ ರಾಜ್ಯ ಹೆದ್ದಾರಿಗಳಲ್ಲೂ ಆಗಬೇಕು.

ಕಾನೂನೂ ಜನರ ಪರವಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ 1 ಲಕ್ಷದವರೆಗೆ ದಂಡ ಇದೆ. ನಿಮ್ಮ ಊರ ಮುಂದೆ ಡಾಂಬರಿನ ಯಂತ್ರ ಬಂದಾಗ ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ (ಜೆಇ) ಅವರನ್ನು ಮಾತನಾಡಿಸಿ, ಅಂದಾಜು ಪಟ್ಟಿ ಕೇಳಿ. ಅದರಲ್ಲಿ ಅಂಚಿನ ಗರಸು ಎಷ್ಟು ಘನ ಮೀಟರ್, ಗೆರೆ ಎಷ್ಟು ಚದರ ಮೀಟರ್ ಎಂದು ನೋಡಿ. ಇಲ್ಲದಿದ್ದರೆ ಸೇರಿಸಿ ಎಂದು ಗ್ರಾಮ ಪಂಚಾಯಿತಿಯಿಂದ ಬರೆದು ಕೊಡಿ, ಬಿಲ್ ಆಗುವ ಮೊದಲು.